ಐದು ವರ್ಷ ತುಂಬಿದವರು

೭ ಏಪ್ರಿಲ್ ೨೦೦೮, ಸೋಮವಾರ

ಇಪ್ಪತ್ತೆರಡು ಫೋನ್. ಹದಿನಾರು ಜನ ಸಿಕ್ಕರು. ಇಬ್ಬರು ತೀರಿಕೊಂಡಿದ್ದಾರೆ. ಯಾವಾಗ ಅಂತ ಕೇಳಿದ್ದಕ್ಕೆ ಒಬ್ಬರ ಹೆಂಡತಿ, "ನಿಮ್ಮ ಆಸ್ಪತ್ರೆಲೇ ಅಲ್ವೇನಮ್ಮಾ ಹೋಗಿದ್ದು, ನಿಮ್ಗೇ ಗೊತ್ತಿರ್ಬೇಕು" ಅಂದರು.

ಎಂ.ಎ. ಕನ್ನಡಕ್ಕೆ ಸಿಕ್ಕ ಕೆಲಸ. ಹೃದಯದ ರಕ್ತನಾಳದೊಳಗೆ ಔಷಧಿ ಬಳಿದ ತಂತಿಬಲೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡವರು ಐದು ವರ್ಷ ಆದಮೇಲೆ ಹೇಗಿದ್ದಾರೆ ಅಂತ ಕೇಳಿ ಬರೆಯೋದು. ಮುಖ ತೋರಿಸಬೇಕಾಗಿಲ್ಲ, ಅದಕ್ಕೇ ಒಪ್ಪಿಕೊಂಡೆ. ಇನ್‌ಚಾರ್ಜ್ ಪಂಕಜಾ ಮೇಡಂ ಮೊದಲ ದಿನವೇ ಹೇಳಿದ್ದಾರೆ — ಪ್ರಶ್ನೆ ಶೀಟಿನಲ್ಲಿರೋದನ್ನ ಮಾತ್ರ ಓದು, ಸಲಹೆ ಕೊಟ್ಟರೆ ಸ್ಟಡಿ ಕೆಡುತ್ತೆ.

೯ ಏಪ್ರಿಲ್, ಬುಧವಾರ

ಸೋಮಲಿಂಗಪ್ಪ, ಹೇರೋಹಳ್ಳಿ. ಗದಗ ಕಡೆಯವರು, ಲಾರಿ ಓಡಿಸ್ತಿದ್ದರು. ಇವತ್ತಿಗೆ ಸರಿಯಾಗಿ ಐದು ವರ್ಷ.

ಎದೆನೋವು? ಇಲ್ಲ. ಮಾತ್ರೆ? ನಿಲ್ಲಿಸಿದ್ದಾರೆ. ರಕ್ತ ತೆಳು ಮಾಡೋ ಎರಡೂ. ಐದು ವರ್ಷ ಉಳಿಸಿದರೆ ಮನೆದೇವರಿಗೆ ಮುಡಿ ಅಂತ ಹರಕೆ. ಸೋಮವಾರ ಊರಲ್ಲಿ. ಗಡ್ಡ ಕೆರೆಸಿಕೊಂಡಾಗಲೇ ರಕ್ತ ನಿಲ್ಲಲಿಲ್ಲವಂತೆ, ಇನ್ನು ತಲೆ ಬೋಳಿಸಿದರೆ...

"ಎಂಟು ದಿನ ಆತು ತಂಗಿ, ಗುಳಗಿ ಬಿಟ್ಟು. ಮುಡಿ ಆದಮ್ಯಾಲೆ ಮತ್ತ ಚಾಲೂ ಮಾಡ್ತೀನಿ. ನಡೀತೈತಲ್ಲ?"

ಶೀಟಿನಲ್ಲಿ ಇದಕ್ಕೆ ಉತ್ತರ ಇಲ್ಲ. ಧನ್ಯವಾದ ಹೇಳಿ ಇಟ್ಟೆ.

ನಡೆಯಲ್ಲ. ಸ್ಟಡಿ ನಡೆಸೋ ಡಾಕ್ಟರ ಪೇಪರ್ ಟೈಪ್ ಮಾಡಿ ಮಾಡಿ ಬಾಯಿಪಾಠ ಆಗಿದೆ. ಸ್ಟೆಂಟಿಗೆ ಬಳಿದ ಔಷಧಿ ರಕ್ತನಾಳ ಮತ್ತೆ ಕಟ್ಟೋದನ್ನ ತಡೆಯುತ್ತೆ, ಗಾಯ ಮಾಯೋದನ್ನೂ ತಡೆಯುತ್ತೆ. ಒಳಗಿನ ತಂತಿ ವರ್ಷಗಟ್ಟಲೆ ಬರಿಮೈಯಲ್ಲೇ ಇರಬಹುದು. ಮಾತ್ರೆ ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು.

ಪಂಕಜಾ ಮೇಡಂಗೆ ಹೇಳಿದೆ. "ಐದು ವರ್ಷ ತುಂಬಿದೆಯಲ್ಲ? ಅಲೈವ್ ಅಂತ ಟಿಕ್ ಹಾಕಿ ಕ್ಲೋಸ್ ಮಾಡು. ನೀನೇನು ಡಾಕ್ಟ್ರಾ?" ಪಕ್ಕದ ಟೇಬಲ್‌ನವರು ನಕ್ಕರು.

ಟಿಕ್ ಹಾಕಿದೆ.

೧೦ ಏಪ್ರಿಲ್, ಸಂಜೆ

ಸೋಮಲಿಂಗಪ್ಪನವರ ನಂಬರ್ ಚೀಟಿಯಲ್ಲಿ ಬರೆದುಕೊಂಡು ಬಂದೆ. ವಿಜಯನಗರ ಬಸ್ ಸ್ಟ್ಯಾಂಡಿನ ಒಂದು ರೂಪಾಯಿ ಫೋನ್. ಹಿಂದೆ ಇಬ್ಬರು ಕಾಯ್ತಾ ಇದ್ದರು. ಏನಂತ ಶುರು ಮಾಡೋದು... ಅವರಿಗೆ ಜಾಗ ಬಿಟ್ಟು ಬಂದುಬಿಟ್ಟೆ.

೧೨ ಏಪ್ರಿಲ್

ಇವತ್ತೂ ಆಗಲಿಲ್ಲ. ವಾಕ್ಯ ಮಾತ್ರ ರೆಡಿ. "ಸಾರ್, ಇವತ್ತೇ ಮಾತ್ರೆ ತಗೊಳ್ಳಿ." ನಾಲ್ಕು ಪದ. ಕನ್ನಡಿ ಮುಂದೆ ಚೆನ್ನಾಗಿ ಬಂತು.

೧೭ ಏಪ್ರಿಲ್, ಗುರುವಾರ

ಮಾಡಿದೆ. ಎತ್ತಿಕೊಂಡಿದ್ದು ಅವರ ಹೆಂಡತಿ, ಲಿಂಗಮ್ಮ.

ಸೋಮವಾರ, ಗುಡಿ ಮುಂದೆ. ಅರ್ಧ ತಲೆ ಬೋಳಿಸಿ ಆಗಿತ್ತಂತೆ. ಎದೆ ಹಿಡಿದುಕೊಂಡರು, ಅಷ್ಟೇ. ಹರಕೆ ಉಳೀಬಾರದು ಅಂತ ಮಿಕ್ಕ ಅರ್ಧವನ್ನ ಆಮೇಲೆ ಬೋಳಿಸಿದರಂತೆ. ಹೆಣಕ್ಕೆ.

ಲಿಂಗಮ್ಮ ಅಳಲಿಲ್ಲ. "ನೀವು ಫೋನ್ ಮಾಡಿದ ದಿನ ನಾ ಗುಳಗಿ ಕೈಯಾಗ ಹಿಡ್ದು ನಿಂತಿದ್ನವ್ವ. ನಮ್ಮ ಮನಿಯವ್ರು, 'ಬಿಟ್ಟಿದ್ದು ದವಾಖಾನಿಯವ್ರಿಗೇ ಹೇಳೀನಿ, ಅವ್ರೂ ಬ್ಯಾಡ ಅನ್ಲಿಲ್ಲ, ಒಳಗಿಡು' ಅಂದ್ರು."

ಪಂಕಜಾ ಮೇಡಂಗೆ ಹೇಳಿದಾಗ ಕ್ಯಾಲೆಂಡರ್ ನೋಡಿದರು. "ಹದಿನಾಲ್ಕಕ್ಕಾ? ಐದು ವರ್ಷ ಒಂಬತ್ತಕ್ಕೇ ಮುಗೀತಲ್ಲ. ಅಲೈವ್ ಇರ್ಲಿ, ತಿದ್ದಬೇಡ."

೨೨ ಏಪ್ರಿಲ್

ಐದು ವರ್ಷ ಬದುಕಿದವರ ಪರ್ಸೆಂಟೇಜ್ ಚೆನ್ನಾಗಿ ಬಂದಿದೆಯಂತೆ. ಡಾಕ್ಟರು ಮೈಸೂರು ಪಾಕ್ ತರಿಸಿದರು. ಎರಡು ತಿಂದೆ.

ಐದು ವರ್ಷ ತುಂಬಿದವರಿಗೆಲ್ಲ ಅಭಿನಂದನಾ ಪತ್ರ. ಕನ್ನಡ ನನ್ನದೇ. ಡಾಕ್ಟರಿಗೆ ತುಂಬ ಹಿಡಿಸಿತು. ಹೇರೋಹಳ್ಳಿಯ ಸೋಮಲಿಂಗಪ್ಪನವರ ಲಕೋಟೆ ಮಾತ್ರ ರೂಮಿಗೆ ತಂದಿದ್ದೀನಿ. ಅದರೊಳಗೆ ಬೇರೆ ಪತ್ರ ಹಾಕಬೇಕು. ಇಲ್ಲೇ ಒಂದು ಸಲ ಬರೆದು ನೋಡ್ತೀನಿ —

ಲಿಂಗಮ್ಮನವರಿಗೆ ನಮಸ್ಕಾರ. ಅವತ್ತು ಅವರು ಕೇಳಿದಾಗ ನನಗೆ ಗೊತ್ತಿತ್ತು. ನಾನು