ನಮ್ಮ ಬೀದಿಯಲ್ಲಿ ನಿಲ್ಲದ ಗಾಡಿ

ಹೊಳೆನರಸೀಪುರ,
ಗುರುವಾರ, 8ನೇ ಮೇ 1947

ಪುಟ್ಟತಾಯಿಯ ತಂದೆಯವರಿಗೆ ಜಯಲಕ್ಷ್ಮಿ ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಇದ್ದೇವೆ. ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೊಳ್ಳಿ. ನಿಮ್ಮ ಕಾಲು ಹೇಗಿದೆ? ಈ ಸಲ ಬಿಸಿಲು ಜಾಸ್ತಿ. ಕಟ್ಟಿಗೆಯ ಕಾಲಿನ ಪಟ್ಟಿ ಉಜ್ಜುವ ಕಡೆ ಬೇಸಗೆಯಲ್ಲಿ ನಿಮಗೆ ಹುಣ್ಣಾಗುತ್ತದೆ. ಹರಳೆಣ್ಣೆ ಹಚ್ಚಿ, ಹಳೇ ಪಂಚೆಯ ತುಂಡು ಸುತ್ತಿಕೊಳ್ಳದೆ ಪಟ್ಟಿ ಬಿಗಿಯಬೇಡಿ. ಅಲ್ಲಿ ಯಾರು ಸುತ್ತಿಕೊಡುತ್ತಾರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಅತ್ತೆಯವರ ಕೆಮ್ಮು ಹಾಗೇ ಇದೆ. ಕಷಾಯ ಕೊಟ್ಟರೆ ನನ್ನ ಮುಖ ನೋಡಿಕೊಂಡು ಕುಡಿಯುತ್ತಾರೆ. ಪುಟ್ಟತಾಯಿಗೆ ಮುಂದಿನ ಹಲ್ಲು ಬಿತ್ತು. ನಿಮಗೆ ತೋರಿಸಬೇಕೆಂದು ಅದನ್ನು ಹತ್ತಿಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಮೊನ್ನೆ ತಾನೇ ತೆಗೆದು ಹೆಂಚಿನ ಮೇಲೆ ಎಸೆದುಬಿಟ್ಟಳು.

ಪ್ರತಿ ಶುಕ್ರವಾರ ತನ್ನೂರಿನ ಮೇಲೆಯೇ ಹಾದುಹೋಗುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬರೆಯಬಾರದೆಂದೇ ಇದ್ದೆ. ಆದರೆ ಪಕ್ಕದ ಮನೆಯ ಲಕ್ಕಯ್ಯ ವೀಳ್ಯದೆಲೆ ಮಾರಲು ಅರಕಲಗೂಡಿಗೆ ಬಂದವನು ನಿಮ್ಮ ಟೆಂಟಿನಲ್ಲಿ ಸಿನಿಮಾ ನೋಡಿಕೊಂಡು ಬಂದ. ಗಾಡಿಯ ಸುತ್ತ ಜನ ನಿಂತು ಕೇಳುತ್ತಿದ್ದರಂತೆ, ಇಂಥ ಚಕ್ರ, ಇಂಥ ಮಡ್ಗಾರ್ಡು ಎಲ್ಲಿ ಹಾಕಿಸಿದಿರಿ ಎಂದು. “ಮಿಲಿಟ್ರಿ ವರ್ಕ್‌ಷಾಪಿನಲ್ಲಿ ನಾನೇ ನಿಂತು ಮಾಡಿಸ್ದೆ” ಅಂದಿರಂತೆ. ಲಕ್ಕಯ್ಯ ಹೇಳುವಾಗ ಅತ್ತೆಯವರೂ ಕೇಳಿಸಿಕೊಂಡರು. ಆದ್ದರಿಂದ ಆ ಗಾಡಿ ಹೇಗಾಯಿತು ಎಂಬುದನ್ನು ಒಂದು ಸಲ ಬರೆಯುತ್ತೇನೆ. ಮರೆತಿದ್ದರೆ ಜ್ಞಾಪಕವಾಗಲಿ. ಗೊತ್ತೇ ಇಲ್ಲದ್ದೂ ಸ್ವಲ್ಪ ಇದೆ, ಅದೂ ಗೊತ್ತಾಗಲಿ.

ಬರ್ಮಾ ಗಡಿಯಿಂದ ಬಲಗಾಲು ಕಳೆದುಕೊಂಡು ಬಂದ ಮೇಲೆ ನೀವು ನಡುಮನೆಯ ಕಂಬಕ್ಕೆ ಒರಗಿ ಗೋಡೆಯ ಕಡೆ ಮುಖ ಮಾಡಿ ಕೂತವರು ಏಳಲೇ ಇಲ್ಲ. ಹಾಸನ ಅರಕಲಗೂಡು ರಸ್ತೆಯಲ್ಲಿ ಬಸ್ಸು ಓಡಿಸುತ್ತಿದ್ದ ಮನುಷ್ಯ. ಯುದ್ಧಕ್ಕೆ ಹೋಗುವ ಮೊದಲು ನಿಮ್ಮ ಹಾರನ್ ಕೇಳಿದರೆ ದಾರಿಯ ಹಳ್ಳಿಗಳ ಮಕ್ಕಳು ಓಡಿ ಬರುತ್ತಿದ್ದವು. ಅಂಥವರು ಬೀದಿಯಲ್ಲಿ ಬಸ್ಸಿನ ಸದ್ದಾದರೆ ಬಾಗಿಲು ಹಾಕು ಅನ್ನುವಂತಾಯಿತು. ಹರದನಹಳ್ಳಿಯ ನಮ್ಮಣ್ಣ ಕೃಷ್ಣಪ್ಪ ಅದನ್ನು ನೋಡಲಾರದೆ ಬೆಂಗಳೂರಿನ ಮಿಲಿಟರಿ ಹರಾಜಿನಿಂದ ಮೋಟಾರ್ ಸೈಕಲ್ ತಂದ. ಸೈನ್ಯದಲ್ಲಿ ನೀವು ಓಡಿಸುತ್ತಿದ್ದ ಜಾತಿಯದೇ ಎಂದು ಆಸೆಪಟ್ಟು ತಂದ. ನೀವು ಬಾಗಿಲಿಗೂ ಬರಲಿಲ್ಲ. “ಎಲ್ಡು ಕಾಲಿರೋರ್ ಗಾಡಿ ಅದು. ನನ್ನ ಆಡ್ಕಳಾಕೆ ತಂದ್ಯಾ?” ಅಂದಿರಿ. ಅಣ್ಣ ಕಣ್ಣೊರೆಸಿಕೊಂಡು ಹೋದ. ಗಾಡಿ ಹಿತ್ತಿಲಿನಲ್ಲಿ ಕೋಳಿಗಳಿಗೆ ಗೂಡಾಯಿತು. ನಿಲ್ಲಲು ಎರಡು ಕಾಲು ಬೇಕಾದದ್ದು ಎರಡು ಚಕ್ರದ ಗಾಡಿಗೆ. ಹಿಂದೆ ಇನ್ನೊಂದು ಚಕ್ರ ಸೇರಿಸಿದರೆ ಅದು ತಾನೇ ನಿಲ್ಲುತ್ತದೆ ಎಂದು ನನಗೆ ಹೊಳೆದದ್ದು ಆ ಕೋಳಿಗಳನ್ನು ಅಟ್ಟುವಾಗ. ಅದಕ್ಕೆ ನಾನು ಏನೇನು ಕೊಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಗಾಡಿಯನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಹಾಸನಕ್ಕೆ ಹೋದೆ. ಅಲ್ಲಿ ನನ್ನ ಸೋದರತ್ತೆ ಸುಬ್ಬಮ್ಮತ್ತೆಯ ಮನೆಯಲ್ಲಿ ಉಳಿದುಕೊಂಡು ದಿನಾ ದ್ಯಾವಯ್ಯನ ಅಂಗಡಿಗೆ ಹೋಗುತ್ತಿದ್ದೆ. ಸುಬ್ಬಮ್ಮತ್ತೆಗೆ ಕಾಯಿಲೆ, ನೋಡಿಕೊಳ್ಳಲು ಹೋಗುತ್ತೇನೆ ಎಂದು ನಿಮಗೆ ಹೇಳಿದ್ದೆ. ದ್ಯಾವಯ್ಯ ಕಬ್ಬಿಣದ ಕೆಲಸ, ತಗಡಿನ ಕೆಲಸ ಎರಡೂ ಮಾಡುತ್ತಾನೆ. ಕೈಗಿಂತ ಬಾಯಿ ದೊಡ್ಡದು. “ಎಂಗಸ್ರು ಇಲ್ಲಿ ಕುಂತ್ರೆ ಗಿರಾಕಿ ಬರಾಕಿಲ್ಲ ಕಣಮ್ಮ, ಮನೆಗೋಗಿ, ಮದ್ವೆ ಗಂಡಿನ್ ಗಾಡಿ ಮಾಡಿ ಕಳುಸ್ತೀನಿ” ಅಂದ. ನಾನು ಒಂದು ಡಬ್ಬ ಬೋರಲು ಹಾಕಿಕೊಂಡು ಅಲ್ಲೇ ಕೂತೆ. ಮೊದಲು ಅವನು ಯಾವುದೋ ಹಾಳಾದ ಕಾರಿನ ಎರಡು ಚಕ್ರ ತಂದು ಹಿಂದುಗಡೆ ಸೇರಿಸಿದ. ಕೆಸರಿನಿಂದ ಎದ್ದ ಎಮ್ಮೆಯ ಹಾಗೆ ಕಂಡಿತು. ಸೀಟು ಎದೆಮಟ್ಟ. ಒಂಟಿ ಕಾಲಿನವರು ಇದನ್ನು ಹೇಗೆ ಹತ್ತಬೇಕು ಎಂದೆ. “ಅತ್ಬೌದು ಬುಡಿ” ಅಂದ. ಅಂಗಡಿಯ ಹಿಂದುಗಡೆ ಹೋಗಿ, ನನ್ನ ಬಲಗಾಲನ್ನು ಮಂಡಿಯಲ್ಲಿ ಮಡಿಚಿ ಟವೆಲಿನಿಂದ ಬಿಗಿಯಾಗಿ ಕಟ್ಟಿಕೊಂಡು, ಅವನ ಕೆಲಸದ ಕೋಲು ಕಂಕುಳಿಗೆ ಕೊಟ್ಟು ಕುಂಟುತ್ತಾ ಬಂದೆ. ಹತ್ತಲು ನೋಡಿದೆ. ಬಿದ್ದೆ. ಮತ್ತೆ ನೋಡಿದೆ, ಮತ್ತೆ ಬಿದ್ದೆ. ರಸ್ತೆಯವರು ನಿಂತು ನಕ್ಕರು, ದ್ಯಾವಯ್ಯನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಚಕ್ರ ಬಿಚ್ಚಿದ. ಚಿಕ್ಕ ರಿಮ್ಮು ಹುಡುಕಿ, ಹೊಸ ಕಡ್ಡಿ ಹೆಣೆದು, ಕಡ್ಡಿಗಳು ಸೇರುವ ನಡುವಿಗೆ ಬೇರೆ ಗುಂಬ ಕೂರಿಸಿ, ಎರಡು ಚಕ್ರ ಹೊಸದಾಗಿ ಮಾಡಿದ. ಆಗ ಕಟ್ಟಿದ ಕಾಲಿನಲ್ಲೇ ನಾನು ಒಂದೇ ಸಲಕ್ಕೆ ಕೂತೆ. ನಿಮ್ಮ ಮಿಲಿಟರಿ ವರ್ಕ್‌ಷಾಪಿನಲ್ಲಿ ಅಳತೆ ತೆಗೆದುಕೊಂಡದ್ದು ಹೀಗೆ.

ಮಡ್ಗಾರ್ಡುಗಳನ್ನು ಪೆಟ್ರೋಲ್ ಡ್ರಮ್ಮಿನ ತಗಡು ಬಡಿದು ಮಾಡಿದ್ದು. ಬಲಗಡೆಯದಕ್ಕೆ ಊರುಗೋಲು ಸಿಕ್ಕಿಸಲು ಎರಡು ಕೊಕ್ಕೆ ಹಾಕಿಸಿದೆ. ಎಡಗಡೆಯದನ್ನು ಅಗಲ ಮಾಡಿಸಿ ಮೇಲೆ ಚಪ್ಪಟೆ ಬಡಿಸಿದೆ, ನಾನೋ ಮಗುವೋ ಕೂರುವ ಹಾಗೆ, ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ. ತಗಡು ಆರಿದೆ ಎಂದುಕೊಂಡು ಮುಟ್ಟಿ ಅಂಗೈ ಸುಟ್ಟುಕೊಂಡೆ. ಒಲೆಯಲ್ಲಿ ಸುಟ್ಟಿತು ಎಂದು ನಿಮಗೆ ಹೇಳಿದೆ. ಮಿಲಿಟರಿ ಬಣ್ಣ ಕಂಡರೆ ನಿಮಗಾಗುವುದಿಲ್ಲವೆಂದು ಅದನ್ನೆಲ್ಲ ಕೆರೆಸಿ ನೀಲಿ ಹೊಡೆಸಿದೆ. ಬಲಗಾಲಿನಲ್ಲಿ ಹಾಕುವ ಗೇರಿಗೆ ಟ್ಯಾಂಕಿನ ಪಕ್ಕ ಕೈಹಿಡಿ ಕೊಟ್ಟ. ಕಿಕ್ಕು ಒದೆಯುವುದಕ್ಕೆ ಮಾತ್ರ ಅವನಿಂದ ಏನೂ ಮಾಡಲಾಗಲಿಲ್ಲ. “ಒದಿಯಾಕೆ ನೀವಿದ್ದೀರಲ್ಲಮ್ಮ” ಅಂದ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿರಿಗೆ ಎತ್ತಿ ಸಿಕ್ಕಿಸಿ ಒದೆಯುವುದನ್ನು ಅಲ್ಲೇ ಕಲಿತೆ.

ಅಣ್ಣ ನಿಮ್ಮನ್ನು ಬಲವಂತವಾಗಿ ಬಸ್ಸು ಹತ್ತಿಸಿಕೊಂಡು ಹಾಸನಕ್ಕೆ ಬಂದ ದಿನ ನಿಮಗೆ ನೆನಪಿದೆಯೋ ಇಲ್ಲವೋ. ಊರುಗೋಲಿನಲ್ಲಿ ಗಾಡಿಯನ್ನು ಸುತ್ತಿ ಬಂದಿರಿ. ಮಡ್ಗಾರ್ಡಿನ ಮೇಲೆ ಕೈ ಆಡಿಸಿದಿರಿ. “ಯಾರ್ದೇ ಇದು?” ಅಂದಿರಿ. ನಿಮ್ಮದು ಎಂದೆ. ಯಾರ ಹೆಗಲೂ ಹಿಡಿಯದೆ ಕೂತಿರಿ, ನಾನು ಒದ್ದೆ, ಹೊರಟೆವು. ದಾರಿಯಲ್ಲಿ ಮೊಸಳೆ ಗ್ರಾಮದ ಹತ್ತಿರ ಹುಣಸೆ ಮರದ ಕೆಳಗೆ ನಿಲ್ಲಿಸಿ ರೊಟ್ಟಿ ತಿನ್ನುವಾಗ ನೀವು ನನ್ನ ಕಡೆ ನೋಡದೆ, “ಜಯಾ, ನಂಗೆ ಕಾಲ್ ಬಂದಂಗಾಯ್ತು ಕಣೇ” ಅಂದಿರಿ. ಮದುವೆಯಾದಾಗಿನಿಂದ ನೀವು ನನ್ನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಉಳಿದ ದಾರಿಯೆಲ್ಲ ನಾನು ಎಡಗಡೆಯ ಮಡ್ಗಾರ್ಡಿನ ಮೇಲೆ ಕೂತು ಬಂದೆ. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಯಾರು ನೋಡಿದರೂ ನನಗೆ ನಾಚಿಕೆಯಾಗಲಿಲ್ಲ.

ಆಮೇಲೆ ಬಂತು ಬಸ್ ಸ್ಟ್ಯಾಂಡಿನ ಮಾತು. ಕಾಫಿ ಹೋಟೆಲಿನ ಕೆಂಚಯ್ಯನಿಗೆ ಮಾಡಲು ಬೇರೆ ಕೆಲಸವಿಲ್ಲ. ನಾನು ಒದ್ದು ನೀವು ಹೊರಟಾಗ ಇಡೀ ಹೋಟೆಲಿಗೆ ಕೇಳುವ ಹಾಗೆ, “ನೋಡ್ರಲಾ, ಎಂಡ್ತಿ ಒದ್ರೆ ಓಡೋ ಗಾಡಿ!” ಅಂದ. ನೀವೂ ನಕ್ಕಿರಿ. ಮನೆಗೆ ಬಂದು ತಟ್ಟೆ ತಳ್ಳಿದಿರಿ. ಒಬ್ಬನ ಬಾಯಿಂದ ಹೊರಟದ್ದು ಊರಿನ ಬಾಯಿಗೆ ಬರಲು ಎಷ್ಟು ಹೊತ್ತು? ಮಕ್ಕಳೂ ಕೂಗಿದವು. ನಾನು ಬೇಕಾದರೆ ಹಿತ್ತಿಲಿನಲ್ಲೇ ಒದ್ದು ಕೊಡುತ್ತೇನೆ, ಯಾರಿಗೂ ಕಾಣುವುದಿಲ್ಲ ಎಂದೆ. ಆ ಮಾತು ನಿಮಗೆ ಇನ್ನೂ ಹೆಚ್ಚು ಚುಚ್ಚಿತು. ಮಾರನೆಯ ದಿನ ಒಬ್ಬರೇ ಹೊಳೆಯ ಇಳಿಜಾರಿಗೆ ತಳ್ಳಿಕೊಂಡು ಹೋಗಿ, ಉರುಳಿಸಿ ಸ್ಟಾರ್ಟ್ ಮಾಡಲು ಹೋಗಿ ಬಿದ್ದಿರಿ. ಹಣೆಯಲ್ಲಿ ರಕ್ತ. ನಾನು ಓಡಿಬಂದು ಎತ್ತಲು ಹೋದರೆ, “ಮುಟ್ಬ್ಯಾಡ! ನೀನು ಮುಟ್ಟಿ ಮುಟ್ಟೇ ನಾನು ಯಾವ್ದುಕ್ಕೂ ಬರ್ದೋನಾಗಿವ್ನಿ” ಅಂದಿರಿ. ಬಟ್ಟೆ ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ನಾನು ನಿಮ್ಮನ್ನು ಎತ್ತದೆ ನಿಂತುಕೊಂಡೆ. ನೀವು ತೆವಳಿಕೊಂಡು ಊರುಗೋಲಿನ ತನಕ ಹೋದಿರಿ. ಅದನ್ನು ನೋಡುತ್ತಾ ನಿಲ್ಲುವುದು ಎತ್ತುವುದಕ್ಕಿಂತ ಕಷ್ಟವಾಗಿತ್ತು, ಗೊತ್ತಿರಲಿ.

ಟೂರಿಂಗ್ ಟಾಕೀಸಿನವರು ಬಂದದ್ದು ಆ ತಿಂಗಳೇ. ಚನ್ನರಾಯಪಟ್ಟಣದಲ್ಲಿ ಒಂದು ಟೆಂಟು, ಅರಕಲಗೂಡಿನಲ್ಲಿ ಒಂದು ಟೆಂಟು. ನಡುವೆ ಫಿಲಂ ಪೆಟ್ಟಿಗೆ ಸಾಗಿಸಲು ನಿಮ್ಮ ಗಾಡಿ ಬೇಕಾಯಿತು. ನನಗೆ ಸಂತೋಷವೇ ಆಯಿತು. ಬುತ್ತಿ ಕಟ್ಟಿಕೊಟ್ಟೆ. “ಸನಿವಾರ ಬತ್ತೀನಿ” ಅಂದು ಹೋದಿರಿ. ಆ ಶನಿವಾರ ಪುಟ್ಟತಾಯಿ ತಲೆ ಬಾಚಿಸಿಕೊಂಡು ಜಗಲಿಯ ಮೇಲೆ ಕೂತಳು. ಅಲ್ಲೇ ನಿದ್ದೆ ಹೋದಳು. ಈಗ ಯಾರು ಒದೆಯುತ್ತಾರೆ ಎಂದು ಲಕ್ಕಯ್ಯನನ್ನು ಕೇಳಿದೆ. ಟೆಂಟಿನ ಗೇಟು ಕಾಯುವವನು ಒದೆಯುತ್ತಾನಂತೆ. ಗಂಡಸು ಒದ್ದರೆ ಯಾರೂ ನಗುವುದಿಲ್ಲ.

ನಮ್ಮ ಬೀದಿ ಬಿಟ್ಟು ಸೇತುವೆಯ ರಸ್ತೆಯಲ್ಲಿ ಹೋಗುತ್ತೀರಿ ಎಂದು ತಿಳಿದ ಮೇಲೆ ಒಂದು ಶುಕ್ರವಾರ ಮಗುವನ್ನು ಕರೆದುಕೊಂಡು ಅಲ್ಲಿಗೇ ಬಂದು ನಿಂತೆ. ದೂರದಿಂದಲೇ ಸದ್ದು ಗುರುತು ಹಿಡಿದು ಅವಳು ಕುಣಿಯತೊಡಗಿದಳು. ನೀವು ನಮ್ಮನ್ನು ನೋಡಿದಿರಿ. ನೋಡಲಿಲ್ಲ ಎಂದು ಮಾತ್ರ ಹೇಳಬೇಡಿ. ಮುಖ ಹೊಳೆಯ ಕಡೆ ತಿರುಗಿಸಿ ಗೇರು ಏರಿಸಿದಿರಿ. ಎಡಗಡೆಯ ಮಡ್ಗಾರ್ಡಿಗೆ ಪೆಟ್ಟಿಗೆಗಳನ್ನು ಕಟ್ಟಿ ಅದರ ಮೇಲೆ ಯಾರೋ ಕೂತಿದ್ದ. ತಿರುವಿನ ತನಕ ಹಿಂದಿರುಗಿ ನಮ್ಮನ್ನು ನೋಡುತ್ತಾ ಹೋದವನು ಅವನು, ನೀವಲ್ಲ. ಧೂಳು ಇಳಿದ ಮೇಲೆ ಪುಟ್ಟತಾಯಿ ಕೇಳಿದಳು: “ಅವ್ವಾ, ಅಪ್ಪಂಗೆ ಕಣ್ಣೂ ಓಗೈತಾ?” ನಾನು ಹೌದು ಎಂದೆ. ಮನೆಗೆ ಬಂದು ಅತ್ತೆಯವರಿಗೆ ಹೇಳಿದರೆ, “ನೀನೇ ಕಣಮ್ಮಿ ಅವನ್ಗೆ ಚಕ್ರ ಕಟ್ಟಿದ್ದು. ಕುಂತಿದ್ದ, ಕುಂತ್ಕಂಡಿರ್ಲಿ ಅಂತ ಬುಡ್ಬೇಕಾಗಿತ್ತು” ಅಂದರು. ಅವರು ಕೋಪದಲ್ಲಿ ಅಂದದ್ದಲ್ಲ. ನನ್ನ ತಲೆ ಸವರಿಕೊಂಡೇ ಅಂದರು. ಅಂದಿನಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ. ನೀವು ಗೋಡೆ ನೋಡಿಕೊಂಡು ಕೂತಿದ್ದಾಗ ಕಡೆಯ ಪಕ್ಷ ನನ್ನ ಮನೆಯ ಗೋಡೆಯನ್ನು ನೋಡುತ್ತಿದ್ದಿರಿ.

ಮನೆಯಲ್ಲಿ ಯಾರಿದ್ದಾರೆ ಎಂದು ಅಲ್ಲಿ ಯಾರೋ ಕೇಳಿದರೆ ಯಾರೂ ಇಲ್ಲ ಅಂದಿರಂತೆ. ಇದನ್ನು ಲಕ್ಕಯ್ಯ ಹೇಳಲು ಹಿಂಜರಿದ, ನಾನೇ ಬಿಡದೆ ಕೇಳಿದೆ. ಹಾಗೇ ಇರಲಿ. ಬಾ ಎಂದು ಕರೆಯಲು ಈ ಕಾಗದವಲ್ಲ. ಅತ್ತೆಯವರು “ಆಸೀರ್ವಾದ ಅಂತ ಬರಿ” ಅಂದರು, ಆಮೇಲೆ “ಬ್ಯಾಡ ಬುಡು” ಅಂದರು. ಎರಡನ್ನೂ ತಿಳಿಸಿದ್ದೇನೆ. ಅಣ್ಣ ಬಂದಾಗಲೆಲ್ಲ ನಿಮ್ಮನ್ನು ಕೇಳುತ್ತಾನೆ, ನಾನು ಮಾತು ಬದಲಾಯಿಸುತ್ತೇನೆ. ಪುಟ್ಟತಾಯಿ ಏನೂ ಹೇಳಿ ಕಳಿಸಲಿಲ್ಲ. ವೇಳೆಗೆ ಸರಿಯಾಗಿ ಊಟ ಮಾಡಿ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಇನ್ನೂ ಬರುತ್ತದೆ, ಬರೆದಿದ್ದೇನೆ.

ನಿಮ್ಮ ತಾಳಿಯನ್ನು ಇನ್ನೂ ಕಟ್ಟಿಕೊಂಡಿರುವ,
ಜಯಲಕ್ಷ್ಮಿ

ಮತ್ತೊಂದು ಮಾತು, ಇದನ್ನು ತಪ್ಪದೆ ಓದಿ. ನಿನ್ನೆ ಸುಬ್ಬಮ್ಮತ್ತೆಯನ್ನು ನೋಡಲು ಹಾಸನಕ್ಕೆ ಹೋಗಿದ್ದೆ. ದ್ಯಾವಯ್ಯ ನನ್ನನ್ನು ಕಂಡು ಕೆಲಸ ಬಿಟ್ಟು ಓಡಿಬಂದ. “ಅಮ್ಮಾರೇ, ಗಾಡಿ ಎಲ್ಲೈತೆ? ಎಡಗಡೆ ಗುಂಬ ಬಿರುಕು ಬಿಟ್ಟಿತ್ತು, ಏನಾಯ್ತದೆ ಅಂತ ಬೆಸುಗೆ ಆಕಿ ಮುಚ್ಬುಟ್ಟಿದ್ದೆ. ಅದ್ರ ಜೊತೇದ್ನ ಇನ್ನೊಬ್ರ ಗಾಡಿಗೆ ಆಕಿದ್ದೆ. ಸಕಲೇಶಪುರದ ಇಳಿಜಾರಲ್ಲಿ ಚಕ್ರ ಕಿತ್ಕಂಡು ಆ ಮನುಸ ಓಗ್ಬುಟ್ಟ” ಅಂದ. ಕೈಮುಗಿದು ಅಳುತ್ತಿದ್ದ. ಬಸ್ಸಿನಲ್ಲಿ ಬರುವಾಗ, ಹೇಳದೆ ಇದ್ದುಬಿಡೋಣ ಅಂದುಕೊಂಡೆ. ಊರು ಬರುವ ತನಕ ಹಾಗೇ ಅಂದುಕೊಂಡಿದ್ದೆ. ನಾಳೆ ಶುಕ್ರವಾರ. ಅಂಚೆಗೆ ಹಾಕಿದರೆ ತಲುಪುವುದಿಲ್ಲ, ಅದಕ್ಕೆ ಲಕ್ಕಯ್ಯನನ್ನು ಬೆಳಗಿನ ಮೊದಲ ಬಸ್ಸಿಗೆ ಅರಕಲಗೂಡಿಗೆ ಕಳಿಸುತ್ತಿದ್ದೇನೆ. ದ್ಯಾವಯ್ಯ ಮಾಡಿಟ್ಟುಕೊಂಡಿದ್ದು ಕೊಟ್ಟ ಹೊಸ ಚಕ್ರವನ್ನೂ ಅವನ ಕೈಯಲ್ಲೇ ಕಳಿಸಿದ್ದೇನೆ. ಅದನ್ನು ಹಾಕದೆ ಗಾಡಿ ಹತ್ತಬೇಡಿ, ಎಡಗಡೆ ಯಾರನ್ನೂ ಕೂರಿಸಬೇಡಿ. ನೀಲಿ ಬಣ್ಣ ಸಿಗಲಿಲ್ಲವೆಂದು ಅದಕ್ಕೆ ಕೆಂಪು ಹೊಡೆದಿದ್ದಾನೆ, ದೂರಕ್ಕೂ ಕಾಣುತ್ತದೆ. ಪುಟ್ಟತಾಯಿಯನ್ನು ಸೇತುವೆಗೆ ಕಳಿಸುತ್ತೇನೆ. ಎಡಗಡೆ ಕೆಂಪು ಕಂಡರೆ ಓಡಿಬಂದು ನನಗೆ ಹೇಳುತ್ತಾಳೆ. ನೀವು ನಿಲ್ಲಿಸಬೇಕಾಗಿಲ್ಲ.