ತವರಿನ ಗ್ಯಾಲರಿಯಲ್ಲಿ ನೀಲಿ ಭಾವ

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸುರಂಗದ ದೂಳಿಗೆ ಹಿಡಿದಿದ್ದ ಕೆಮ್ಮು ಇಳಿಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸಕ್ಕೆ ಇಳಿ, ಅಲ್ಲಿ ನಿನ್ನ ಹೀರೋತನ ನೋಡುವವರು ಯಾರೂ ಇಲ್ಲ. ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯಲು ಹೋದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ಫೋನು ಮಾಡಿದರೆ ನೀನು ಕೂಗಾಡುತ್ತೀಯ, ನಾನು ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ನಿದ್ದೆಗೆಟ್ಟ ಕಣ್ಣು, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಶನಿವಾರದ ಫುಟ್‌ಬಾಲ್ ಪಂದ್ಯದಲ್ಲಿ ಇವರಿಗೆ ಹೊಡೆದರು ಅಣ್ಣಾ. ದವಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ. ಪಕ್ಕೆಲುಬು ಬಿರುಕು ಬಿಟ್ಟಿದೆ. ಎಡಗಿವಿ ಮತ್ತೆ ಕೇಳಿಸುವುದು ಅನುಮಾನವಂತೆ. ನಿನ್ನ ಸೊಸೆ ಚಿಟ್ಟಿಗೆ ಏನೂ ಆಗಿಲ್ಲ. ಇದನ್ನು ಎರಡು ಸಲ ಓದಿಕೋ, ಆಮೇಲೆ ಮುಂದಕ್ಕೆ ಹೋಗು.

ನಾವು ಎಂದಿನಂತೆ ತವರಿನ ಗ್ಯಾಲರಿಯಲ್ಲೇ, ನಿನ್ನ ಡ್ರಮ್ಮು ಇಡುವ ಜಾಗದ ಕೆಳಗಿನ ಸಾಲಿನಲ್ಲಿ ಕೂತಿದ್ದೆವು. ನಾನು ನಮ್ಮ ತಂಡದ ಕೆಂಪು ಅಂಗಿ. ಇವರು ನೀಲಿ ತಂಡದ ಅಂಗಿಯ ಮೇಲೆ ಕತ್ತಿನ ತನಕ ಜಿಪ್ ಎಳೆದ ಬೂದು ಜಾಕೆಟ್ಟು. ತೊಡೆಯ ಮೇಲೆ ಚಿಟ್ಟಿ. ನೀನೇ ಮಾಡಿದ ಕಟ್ಟಳೆಯಲ್ಲವೇ ಅದು? "ಭಾವ, ನೀವು ನಮ್ಮ ಮಧ್ಯೆನೇ ಕೂತ್ಕೊಳ್ಳಿ, ಯಾರು ಬೇಡ ಅಂತಾರೆ. ಆದ್ರೆ ಮಗು ನಿಮ್ಮ ಹತ್ರ ಇರ್ಬೇಕು. ಕೈ ತುಂಬಿರೋನು ಕುಣಿಯಲ್ಲ." ಚಿಟ್ಟಿ ಹುಟ್ಟಿದಾಗಿನಿಂದ ಹಾಗೇ ನಡೆದಿತ್ತು. ನೀಲಿಯವರು ಗೋಲು ಹೊಡೆದಾಗೆಲ್ಲ ಇವರು ಮಗುವಿನ ನೆತ್ತಿಗೆ ಮುಖ ಒತ್ತಿಕೊಂಡು ಅಲ್ಲೇ ನಗುತ್ತಿದ್ದರು. ಬಸ್ಸು ಓಡಿಸುವವರಿಗೆ ತಾಳ್ಮೆ ಬೇಕಲ್ಲ, ಅದು ಇವರಿಗಿದೆ.

ಆದರೆ ಮನೆಯಲ್ಲಿ ಟೀವಿಯ ಮುಂದೆ ಇವರು ಅವಳಿಗೆ ಕಲಿಸಿದ್ದು ನಮಗ್ಯಾರಿಗೂ ನೆನಪಾಗಲಿಲ್ಲ. ನೀಲಿಯ ಗೋಲಾದರೆ ಎರಡೂ ಕೈ ಮೇಲೆತ್ತಿ, ಹೊಟ್ಟೆಯಿಂದ, "ಹೋ" ಎನ್ನಬೇಕು. ನೀನೂ ನೋಡಿ ನಕ್ಕಿದ್ದೀಯ, "ನನ್ನ ಸೊಸೆನ ಕೆಡಿಸಿಬಿಟ್ರಿ ಭಾವ" ಎಂದು ಗೊಣಗಿದ್ದೀಯ. ಶನಿವಾರ ಕೊನೆಯ ನಿಮಿಷದಲ್ಲಿ ನೀಲಿಯವರ ಚೆಂಡು ಒಳಗೆ ಹೋಯಿತು. ಇಡೀ ಗ್ಯಾಲರಿ ಸತ್ತಂತೆ ಸುಮ್ಮನಾಯಿತು. ಆ ಮೌನದ ನಡುವೆ ನಮ್ಮ ಚಿಟ್ಟಿ ಕೈಯೆತ್ತಿ "ಹೋ" ಎಂದಳು. ಇವರು ತಟಕ್ಕನೆ ಅವಳ ಬಾಯಿ ಮುಚ್ಚಿದರು. ಮುಚ್ಚದಿದ್ದರೆ ಮಗು ಏನೋ ಕೂಗಿತು ಎಂದು ಸುತ್ತಲಿನವರು ಬಿಟ್ಟುಬಿಡುತ್ತಿದ್ದರೇನೋ. ಮುಚ್ಚಿದ್ದರಿಂದಲೇ ಗೊತ್ತಾಯಿತು.

"ಯಾರೋ ಅದು, ಮಗುಗೆ ಕಲಿಸಿರೋದು?" ಎಂದು ಒಬ್ಬ ನಗುತ್ತಲೇ ಕೇಳಿದ. ಇನ್ನೊಬ್ಬ ಜಾಕೆಟ್ಟಿನ ಜಿಪ್ ಸರ್ರನೆ ಕೆಳಕ್ಕೆಳೆದ. "ನೋಡ್ರೋ, ಒಳಗೆ ನೀಲಿ ಇಟ್ಕೊಂಡು ನಮ್ಮ ಜೊತೆ ಕಡಲೆ ತಿಂತಿದಾನೆ." ಮೊದಲ ಏಟು ಕಿವಿಗೆ ಬಿತ್ತು. ಇವರು ತಿರುಗಿ ಹೊಡೆಯಲಿಲ್ಲ, ಮಗುವನ್ನು ಹೊಟ್ಟೆಗೆ ಅವುಚಿಕೊಂಡು ಆಮೆಯ ಹಾಗೆ ಎರಡು ಸಾಲಿನ ಮಧ್ಯೆ ಕುಗ್ಗಿದರು. ಬೆನ್ನಿಗೆ ಒದ್ದರು. ಬಾವುಟದ ಕೋಲಿನಿಂದ ತಿವಿದರು. ಕೂದಲು ಹಿಡಿದು ತಲೆಯನ್ನು ಕುರ್ಚಿಯ ಅಂಚಿಗೆ ಬಡಿದಾಗ ಹಸಿ ಸೌದೆ ಮುರಿದಂಥ ಸದ್ದಾಯಿತು, ಅದು ದವಡೆ. ಚಿಟ್ಟಿಯ ಟೋಪಿ ರಕ್ತದಲ್ಲಿ ತೊಯ್ದಿದ್ದು ಕಂಡು ಅವಳದೇ ಎಂದುಕೊಂಡೆ. ಆಮೇಲಿನದು ನನ್ನ ಕೈಯಲ್ಲಿರಲಿಲ್ಲ. ಯಾರದೋ ಮಣಿಕಟ್ಟನ್ನು ಹಲ್ಲಿಗೆ ಚರ್ಮ ಬರುವಷ್ಟು ಕಚ್ಚಿದೆ. ಹಾಲಿನ ಫ್ಲಾಸ್ಕಿನಿಂದ ಒಬ್ಬನ ಮೂಗಿಗೆ ಹೊಡೆದೆ, ಅವನು ಕೂತ ಮೇಲೂ ಹೊಡೆದೆ. ಚಿಕ್ಕ ಹುಡುಗ ಅಣ್ಣಾ, ಮೀಸೆ ಈಗಷ್ಟೇ ಚಿಗುರಿತ್ತು. ನಿಲ್ಲಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಉಳಿಸಿದವಳು ಮುಂದಿನ ಸಾಲಿನ ಮುದುಕಿ, ಹಿಂದೆ ನರ್ಸಾಗಿದ್ದವಳಂತೆ. ನಮ್ಮ ಕೆಂಪಿನವಳೇ. ಇವರ ಹೊಟ್ಟೆಯಡಿಯಿಂದ ಮಗುವನ್ನು ಎಳೆದು ತನ್ನ ಕೆಂಪು ಶಾಲಿನಲ್ಲಿ ಸುತ್ತಿ, "ಇದು ನನ್ನ ಮೊಮ್ಮಗು. ಬನ್ರೋ, ಯಾರು ಮುಟ್ತೀರಿ ನೋಡ್ತೀನಿ" ಎಂದು ಇವರಿಗೆ ಅಡ್ಡವಾಗಿ ನಿಂತುಬಿಟ್ಟಳು.

ಇವರು ಈಗ ನಳಿಕೆಯಲ್ಲಿ ಹಾಲು ಹೀರುತ್ತಾರೆ. ಪ್ರಜ್ಞೆ ಬಂದ ಕೂಡಲೇ ಕಾಗದ ಬೇಕೆಂದು ಸನ್ನೆ ಮಾಡಿದರು. ಏನೋ ಕೊನೆಯ ಮಾತಿರಬೇಕೆಂದು ಕೊಟ್ಟರೆ, "ರೆಫರಿ ಗೋಲು ಕೊಟ್ಟರು ತಾನೆ?" ಎಂದು ಬರೆದರು. ಕೊಟ್ಟರು ಎಂದೆ. ನಗಲು ಹೋದ ಇವರಿಗೆ ನೋವಿಗೆ ಕಣ್ಣಲ್ಲಿ ನೀರು ಬಂತು. ಚಿಟ್ಟಿ ಮಾತ್ರ ಕುಕ್ಕರ್ ಕೂಗಿದರೂ ಎರಡೂ ಅಂಗೈಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಳ್ಳುತ್ತಾಳೆ. ಅದನ್ನು ನೋಡಿದಾಗ ಆ ಫ್ಲಾಸ್ಕು ಮತ್ತೆ ಕೈಗೆ ಸಿಗಬೇಕು ಅನ್ನಿಸುತ್ತದೆ.

ಬರುವ ಭಾನುವಾರ ನಿಮ್ಮ ಅಭಿಮಾನಿ ಸಂಘದ ಸಭೆ. ಎದುರು ತಂಡದವರನ್ನು ತವರಿನ ಗ್ಯಾಲರಿಯಲ್ಲಿ, ಅವರ ಬಣ್ಣದಲ್ಲೇ, ಮುಚ್ಚುಮರೆಯಿಲ್ಲದೆ ಕೂರಲು ಬಿಡಬೇಕೆಂದು ಅಧ್ಯಕ್ಷನಾದ ನೀನೇ ಪ್ರಸ್ತಾವ ಮಂಡಿಸಿದ್ದೀಯ, ನಿನ್ನ ಪರವಾಗಿ ನಾನು ಮಾತಾಡಬೇಕೆಂದೂ ಹೇಳಿದ್ದೀಯ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೇಕು ಎಂದೂ ಬೇಡ ಎಂದೂ ಮಾತಾಡಿ ಗೆದ್ದವಳು ನಾನು. ಈಗ ಬಾಯಿ ಕಟ್ಟಿದೆ. ಅತ್ತೆ ಅನ್ನುತ್ತಾರೆ, "ಬೇಲಿ ಹಾಕ್ಲಿ ಬಿಡು, ಅವರವರ ಜಾಗ ಅವರವರಿಗೆ." ನನಗೂ ಹಗಲೆಲ್ಲ ಹಾಗೇ ಅನ್ನಿಸುತ್ತದೆ. ಆದರೆ ಬೇಲಿ ಹಾಕಿದರೆ ಚಿಟ್ಟಿಯನ್ನು ಯಾವ ಕಡೆ ಕೂರಿಸಲಿ? "ಜೊತೆಗೆ ಕೂತವರು ಹೊಡೆಯಲ್ಲ ಕಣೇ, ಗುರುತಿಲ್ಲದವರೇ ಹೊಡೆಯೋದು" ಎಂಬುದು ನಿನ್ನ ಮಾತು. ಅದನ್ನು ನಂಬಿಯೇ ಮಗುವನ್ನು ಅಲ್ಲಿಗೆ ಕರೆದೊಯ್ದೆ. ಹೊಡೆದವರ ಮುಖ ನೋಡಿದಿರಾ ಎಂದು ಪೊಲೀಸಿನವರು ಕೇಳಿದರು. ಇಲ್ಲ ಎಂದೆ.

ಊಟ ಬಿಡಬೇಡ. ಹೊರಟುಬರುವ ಆತುರ ಬೇಡ. ನಿನ್ನ ಆಶೀರ್ವಾದ ಮೊದಲು ನಿನ್ನ ಭಾವನಿಗೆ, ಮಿಕ್ಕಿದ್ದು ನಮಗೆ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಕೂದಲು ಹಿಡಿದು ತಲೆ ಬಡಿದವನು ನಿನ್ನ ಗೆಳೆಯ, ನಮ್ಮ ಮನೆಯ ನಲ್ಲಿ ರಿಪೇರಿ ಮಾಡುವ ಬೋಳ. ಇವರ ಗುರುತಿದ್ದೇ ಹೊಡೆದ. ನಿನ್ನೆ ಸಂಜೆ ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದಿದ್ದ. "ಯಾರೋ ಹೊರಗಿನವ್ರು ತಂಗಿ, ನಮ್ಮವ್ರು ಹಿಂಗೆಲ್ಲ ಮಾಡಲ್ಲ" ಎಂದ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ, ಟೀ ಕೊಟ್ಟು ಕಳಿಸಿದೆ. ಈ ಪತ್ರ ಸಿಕ್ಕಿದ ದಿನವೇ ಅವನಿಗೆ ಫೋನು ಮಾಡು. ಭಾನುವಾರದೊಳಗೆ ಅವನೇ ಠಾಣೆಗೆ ಹೋಗಿ ಹೇಳಿದರೆ ಸರಿ. ಇಲ್ಲದಿದ್ದರೆ ಸಭೆಯಲ್ಲಿ ಅವನ ಪಕ್ಕದ ಕುರ್ಚಿಯಲ್ಲೇ ಕೂರುತ್ತೇನೆ, ಇವರ ನೀಲಿ ಅಂಗಿ ತೊಟ್ಟು. ಒಟ್ಟಿಗೇ ಕೂರಬೇಕು ಎಂದೇ ಮಾತಾಡುತ್ತೇನೆ. ಅದಕ್ಕೆ ಮೊದಲು ಅವನ ಹೆಸರು ಹೇಳುತ್ತೇನೆ.