ಅಂಬಿಗನ ಹೆಂಡತಿ

ಸೋಮವಾರ, ಬೆಳಿಗ್ಗೆ

ಕನ್ನಡಕದ ಅಂಗಡಿಯವರಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ. ನೀವು ಮನೆ ಬಿಟ್ಟು ಅಂಗಡಿಯ ಹಿಂದಿನ ಕೋಣೆ ಸೇರಿ ತಿಂಗಳಾಯಿತು. ಅಪ್ಪ ಯಾವಾಗ ಬರ್ತಾರೆ ಅಂತ ಕೇಳುವುದನ್ನೂ ಮಗಳು ಬಿಟ್ಟಿದ್ದಾಳೆ. ನಾನು ನಾಲ್ಕು ಜನರ ಮುಂದೆ ಮಾನ ಕಳೆದೆ ಎಂದು ನಿಮ್ಮ ತಂಗಿಯ ಹತ್ತಿರ ಹೇಳಿಕೊಂಡಿರಂತೆ. ನನಗಾದದ್ದನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಭಾನುವಾರ ಬಂತೆಂದರೆ ಸೈಕಲ್ ಅಂಗಡಿಯ ಮಾಳಿಗೆಗೆ ಓಡುತ್ತಿದ್ದಿರಿ. ಎಲ್ಲೂ ಇಲ್ಲದ ಒಂದು ದ್ವೀಪ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಎಲ್ಲರೂ ಸೇರಿ ಬಾಯಲ್ಲೇ ಕಥೆ ಬೆಳೆಸುವ ಆಟ ಅಂದಿದ್ದಿರಿ. ತಲೆ ನರೆತವರಿಗೆ ಇದೆಂಥ ಹುಚ್ಚು ಅಂದುಕೊಂಡಿದ್ದೆ. ಒಂದು ದಿನ ದಂತವೈದ್ಯರು ನಮ್ಮ ಔಷಧಿ ಅಂಗಡಿಗೆ ಬಂದು ನಗುತ್ತಲೇ ದೂರು ಹೇಳಿದರು. ಆ ಆಟದಲ್ಲಿ ಅವರದು ಕಡಲ್ಗಳ್ಳರ ನಾಯಕನ ಪಾತ್ರವಂತೆ. ನಾವೆಲ್ಲ ಕತ್ತಿ ಹಿಡಿದು ಹೊಡೆದಾಡ್ತಿದ್ರೆ ನಿಮ್ಮ ಯಜಮಾನರು ಅಂಬಿಗನಾಗಿ ದೋಣಿ ಕಟ್ಟಿ, ಮನೆಗೆ ಹೋಗಿ, ಹೆಂಡತಿ ಜೊತೆ ಹರಟೆ ಹೊಡೀತಾರೆ, ಆಟವೇ ಸಪ್ಪೆ ಅಂದರು. ಹೆಂಡತಿ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಅವಳು ಯಾರು ಅಂತ ನೋಡಲು ಆ ಭಾನುವಾರ ಮಾಳಿಗೆಯ ಮೆಟ್ಟಿಲು ಹತ್ತಿ ಬಂದೆ. ನೋಡಿದರೆ ನಿವೃತ್ತ ಬಸ್ ಕಂಡಕ್ಟರು! ಬೋಳುತಲೆ, ಪೊದೆ ಮೀಸೆ. ನಕ್ಕು ಹಿಂತಿರುಗಬಹುದಿತ್ತು. ಅಷ್ಟರಲ್ಲಿ ನೀವು ಹೆಗಲಿಗೆ ಟವೆಲ್ ಹಾಕಿಕೊಂಡು, ಆ ಮೀಸೆಯ ಮುಂದೆ ಬಗ್ಗಿ, ದಿನವಿಡೀ ನಿಂತು ಮೀನು ಮಾರಿದ್ದೀಯ, ಎಡಗಾಲು ಮತ್ತೆ ನೋಯ್ತಿದೆಯಾ, ಕೂತ್ಕೋ, ಇವತ್ತು ಅಡುಗೆ ನಾನು ಮಾಡ್ತೀನಿ ಅಂದಿರಿ.

ಆ ಎಡಗಾಲು ನನ್ನದು. ಕೌಂಟರಿನ ಹಿಂದೆ ನಿಂತು ನಿಂತು ಊದುವ ಕಾಲು. ಅದು ನಿಮ್ಮ ಕಣ್ಣಿಗೆ ಬಿದ್ದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬೇರೆ ಹೆಂಗಸಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಕಂಡಕ್ಟರಿಗೆ ಸಿಕ್ಕ ಮಾತು ನನಗೆ ಸಿಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಅದಕ್ಕೇ ಎಲ್ಲರೆದುರು ಅಂದೆ, ಈ ಮನುಷ್ಯ ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸ್ತಾರೆ, ಇಲ್ಲಿ ನೋಡಿ ಹೇಗೆ ನಾಟಕ ಆಡ್ತಾರೆ ಅಂತ. ಕಡಲ್ಗಳ್ಳರು ಬಿದ್ದು ಬಿದ್ದು ನಕ್ಕರು. ನೀವು ಟವೆಲ್ ಮಡಚಿ ಕುರ್ಚಿಯ ಮೇಲಿಟ್ಟು ಇಳಿದು ಹೋದಿರಿ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ನಾನು ಅಂದದ್ದರಲ್ಲಿ ಸುಳ್ಳೇನಿತ್ತು? ನಿಮ್ಮ ಸ್ವೆಟರ್ ಬೀರುವಿನಲ್ಲಿದೆ, ಬೇಕಿದ್ದರೆ ಮಗಳ ಕೈಲಿ ಕಳಿಸುತ್ತೇನೆ. ನಿಮ್ಮಿಂದ ನನಗೆ ಆಗಬೇಕಾದ್ದು ಏನೂ ಇಲ್ಲ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಒಂದು ತಿಂಗಳು ಬಾರದವರ ಪಾತ್ರವನ್ನು ಸಾಯಿಸುವುದು ನಿಮ್ಮ ಗುಂಪಿನ ನಿಯಮವಂತೆ. ನಿನ್ನೆ ಅಂಬಿಗನನ್ನು ಮುಳುಗಿಸಲು ಹೊರಟಿದ್ದರು. ಖಾಲಿ ಕುರ್ಚಿಯ ಜೊತೆ ಮಾತಾಡಲಾರೆ ಅಂತ ಕಂಡಕ್ಟರು ಹೆಂಡತಿಯ ಪಾತ್ರ ಬಿಟ್ಟಿದ್ದಾರೆ. ಎರಡು ವಾರದಿಂದ ಅದನ್ನು ನಾನು ಆಡುತ್ತಿದ್ದೇನೆ. ಅಂಬಿಗ ಮುಳುಗಿಲ್ಲ, ದೋಣಿ ಬರುವುದು ತಡವಾಗಿದೆ ಅಷ್ಟೆ, ಅಡುಗೆ ಮುಚ್ಚಿಟ್ಟಿದ್ದೇನೆ ಅಂದೆ. ಇದೂ ಒಂದು ಆಟವಾ ಅಂತ ದಂತವೈದ್ಯರು ಹಣೆ ಚಚ್ಚಿಕೊಂಡರು. ನಿಮ್ಮ ಕತ್ತಿ ನಿಮಗೆ, ನನ್ನ ಒಲೆ ನನಗೆ ಅಂತ ಬಾಯಿ ಮುಚ್ಚಿಸಿದೆ. ಅಂಬಿಗನನ್ನು ಮುಂದಿನ ಭಾನುವಾರದವರೆಗೆ ಬದುಕಲು ಬಿಟ್ಟಿದ್ದಾರೆ. ಟವೆಲ್ ಒಗೆದಿಟ್ಟಿದ್ದೇನೆ. ಎಡಗಾಲು ಇನ್ನೂ ನೋಯುತ್ತಿದೆ.